ಹಳೇ ಐಪಾಡ್, ಲಿನಕ್ಸ್ ಮತ್ತು ರಾಕ್‌ಬಾಕ್ಸ್: ವರ್ಷಗಳ ಬಳಕೆಯ ನಂತರ

ನನ್ನದು ಐದನೇ ತಲೆಮಾರಿನ 30 ಜಿಬಿ ಐಪಾಡ್. 2005ರಲ್ಲಿ ಬಂದ ಮಾದರಿ. ಮನೆಯ ಕಂಪ್ಯೂಟರ್‌ನಲ್ಲಿ ಇರುವುದು ಉಬುಂಟು ಲಿನಕ್ಸ್ ಮಾತ್ರ. ಈ ಎರಡೂ ನಿಮ್ಮ ಹತ್ತಿರ ಇದ್ದರೆ ಬೇರೆ ಯೋಚನೆ ಬೇಡ, ಐಪಾಡಿನ ಮೂಲ ಸಾಫ್ಟ್‌ವೇರ್ ಬದಲು ಓಡುವ ಉಚಿತ ಸಾಫ್ಟ್‌ವೇರ್ ರಾಕ್‌ಬಾಕ್ಸ್ ಹಾಕಿಕೊಳ್ಳಿ.

ಐಪಾಡಿನ ಮೂಲ ಸಾಫ್ಟ್‌ವೇರ್ 'ಐಟ್ಯೂನ್ಸ್‌ಡಿಬಿ' ಅನ್ನೋ ಪಟ್ಟಿಯಲ್ಲಿರುವ ಹಾಡುಗಳನ್ನು ಮಾತ್ರ ನುಡಿಸುತ್ತದೆ. ಸುಮ್ನೆ ಕಾಪಿ ಮಾಡಿ ಹಾಕಿದ ಫೈಲು ಅದರ ಕಣ್ಣಿಗೇ ಬೀಳುವುದಿಲ್ಲ. ಲಿಬ್‌ಜಿಪಾಡ್ ಅನ್ನೋ ಸಾಫ್ಟ್‌ವೇರ್ ಲೈಬ್ರರಿ ಲಿನಕ್ಸ್‌ನಿಂದಲೇ ಆ ಪಟ್ಟಿ ಬರೆಯುತ್ತದೆ. ಐಪಾಡಿಗೆ ಹಾಡು ತುಂಬುವ ರಿದಮ್‌ಬಾಕ್ಸ್, ಜಿಟಿಕೆಪಾಡ್ ಪ್ರೋಗ್ರಾಂಗಳು ಎರಡೂ ಅದನ್ನೇ ನೆಚ್ಚಿಕೊಂಡಿವೆ. ಕೆಲಸವೇನೋ ಆಗುತ್ತದೆ. ಆದರೆ ಮೂಲ ಸಾಫ್ಟ್‌ವೇರ್‌ಗೆ ನುಡಿಸಲು ಬರದ ಫ್ಲ್ಯಾಕ್, ಓಗ್ ರೂಪದ ಹಾಡಿನ ಫೈಲುಗಳನ್ನು ಮೊದಲು ಬೇರೆ ರೂಪಕ್ಕೆ ಬದಲಾಯಿಸಬೇಕು.

ರಾಕ್‌ಬಾಕ್ಸ್‌ನಲ್ಲಿ ಈ ರಗಳೆ ಇಲ್ಲ. ಐಪಾಡ್ ಒಂದು ಮಾಮೂಲಿ ಡಿಸ್ಕ್ ಆಗುತ್ತದೆ. ನಿಮ್ಮ ಫೋಲ್ಡರ್, ನಿಮ್ಮ ಹೆಸರು. ಫ್ಲ್ಯಾಕ್ ನೇರವಾಗಿ ನುಡಿಯುತ್ತದೆ. ಕಾಪಿ ಮಾಡಲು ನಾನು ಆರ್‌ಸಿಂಕ್ ಅನ್ನೋ ಪ್ರೋಗ್ರಾಂ ಬಳಸುತ್ತೇನೆ, ಹೊಸ ಹಾಡುಗಳಷ್ಟೇ ಹೋಗುತ್ತವೆ. ಒಂದು ವಿಷಯ ಗಮನಿಸಿ: ಫ್ಯಾಟ್32 (ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ಒಂದು ಪದ್ಧತಿ) ಇರುವ ಡಿಸ್ಕ್ ಫೈಲಿನ ಸಮಯವನ್ನು ಎರಡು ಸೆಕೆಂಡಿನ ಲೆಕ್ಕದಲ್ಲಿ ಇಡುತ್ತದೆ. ಆರ್‌ಸಿಂಕ್‌ಗೆ ಸಮಯದ ಸಣ್ಣ ವ್ಯತ್ಯಾಸವನ್ನು ಲೆಕ್ಕಿಸಬೇಡ ಎನ್ನುವ 'ಮಾಡಿಫೈ-ವಿಂಡೋ' ಆಯ್ಕೆ ಕೊಡದಿದ್ದರೆ ಹಳೇ ಹಾಡುಗಳೂ ಮತ್ತೆ ಕಾಪಿಯಾಗುತ್ತವೆ.

ನನಗೆ ತುಂಬಾ ಇಷ್ಟವಾದದ್ದು ಬುಕ್‌ಮಾರ್ಕ್. ತಾಳಮದ್ದಳೆ ಕೇಳುವವರಿಗೆ ಗೊತ್ತು, ಒಂದು ಪ್ರಸಂಗ ಗಂಟೆಗಟ್ಟಲೆ ಇರುತ್ತದೆ. ಅರ್ಥಗಾರಿಕೆಯ ನಡುವೆ ನಿಲ್ಲಿಸಿ, ಮಾರನೇ ದಿನ ಅದೇ ಮಾತಿನಿಂದ ಮುಂದುವರಿಸಬಹುದು. ಆಲಾಪನೆ ಒಂದು ಫೈಲು, ಕೃತಿ ಇನ್ನೊಂದು ಫೈಲು ಆಗಿರುವ ಕಚೇರಿಗಳಲ್ಲೂ ಮಧ್ಯೆ ಮೌನ ಬರುವುದಿಲ್ಲ. ಸಂಗೀತ ಕೇಳುವವರಿಗೆ ಇದು ಸಣ್ಣ ಸೌಲಭ್ಯವಲ್ಲ, ಅಲ್ವಾ?

ಕೊರತೆಯೂ ಇದೆ. ಕನ್ನಡದ ಒತ್ತಕ್ಷರ, ಗುಣಿತ ಪರದೆಯ ಮೇಲೆ ಸರಿಯಾಗಿ ಕೂಡುವುದಿಲ್ಲ. ಹಾಗಾಗಿ ಹಾಡಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಇಟ್ಟಿದ್ದೇನೆ. 2001ರಿಂದ ಬೆಳೆದು ಬಂದ ಇಂಥ ಒಳ್ಳೆಯ ಯೋಜನೆಗೆ ನಮ್ಮ ಲಿಪಿಯೂ ಬರಲಿ ಅನ್ನೋದು ನನ್ನ ದೊಡ್ಡ ಆಸೆ. ಸೆಟ್ಟಿಂಗ್‌ಗಳೂ ಜಾಸ್ತಿ, ಹೊಸಬರಿಗೆ ಮೊದಮೊದಲು ಗಲಿಬಿಲಿಯಾಗಬಹುದು.

ಹಳೇ ಐಪಾಡ್ ಕೊಳ್ಳುವವರು ಅದು ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆಗಿದೆಯೇ ನೋಡಿ. ಹಾಗೆ ಆಗಿದ್ದರೆ ಅದು ಫ್ಯಾಟ್32 ಆಗಿರುವುದಿಲ್ಲ, ರಾಕ್‌ಬಾಕ್ಸ್‌ಗೆ ಫ್ಯಾಟ್32 ಬೇಕೇ ಬೇಕು. ಮೂಲ ಸಾಫ್ಟ್‌ವೇರ್ ಅಳಿಸಿ ಹೋಗುತ್ತದೆ ಅನ್ನೋ ಭಯ ಬೇಡ. ಐಪಾಡ್ ಶುರು ಮಾಡಿದ ತಕ್ಷಣ ಹೋಲ್ಡ್ ಸ್ವಿಚ್ ಹಾಕಿದರೆ ಅದೇ ತೆರೆದುಕೊಳ್ಳುತ್ತದೆ.