ದೇಶ ದೇಶದ ಬಾಲ್ಯ: ಯಾವ ಸಾಕ್ಷ್ಯಚಿತ್ರವನ್ನು ಎಷ್ಟು ನಂಬಬಹುದು?

ಮಕ್ಕಳ ಬಗ್ಗೆ ಒಳ್ಳೆಯ ಸಾಕ್ಷ್ಯಚಿತ್ರ ಹೇಳಿ ಅಂತ ಯಾರನ್ನಾದರೂ ಕೇಳಿ ನೋಡಿ, ಸಾಮಾನ್ಯವಾಗಿ ಎರಡು ಹೆಸರು ಬರುತ್ತವೆ: ‘ಬೇಬೀಸ್’ ಮತ್ತು ‘ಆನ್ ದಿ ವೇ ಟು ಸ್ಕೂಲ್’. ಎರಡೂ ಫ್ರೆಂಚ್ ನಿರ್ದೇಶಕರವು, ಎರಡೂ ನಾಲ್ಕು ನಾಲ್ಕು ದೇಶ ಸುತ್ತುತ್ತವೆ. ಮನೆಮಂದಿಯ ಜೊತೆ ಕೂತು ಎರಡನ್ನೂ ನೋಡಿದ್ದೇನೆ, ಎರಡೂ ಹಿಡಿಸಿವೆ. ಆದರೆ ಬೇರೆ ನಾಡಿನಲ್ಲಿ ಮಗುವಾಗಿರುವುದು ಅಂದರೆ ಏನು ಅಂತ ತಿಳಿಯಬೇಕಿದ್ದರೆ ನಾನು ಕೈ ತೋರಿಸುವುದು ಬೇರೆ ಕಡೆಗೆ. ಇರಾನಿನ ‘ಹೋಮ್‌ವರ್ಕ್’, ಬ್ರಿಟನ್ನಿನ ‘ಅಪ್’ ಸರಣಿ.

ಮೊದಲು ‘ಬೇಬೀಸ್’. 2010ರಲ್ಲಿ ಬಂದದ್ದು, ನಿರ್ದೇಶಕ ತೋಮಾ ಬಾಲ್ಮೆಸ್. ನಮೀಬಿಯಾ, ಮಂಗೋಲಿಯಾ, ಟೋಕಿಯೊ, ಸ್ಯಾನ್ ಫ್ರಾನ್ಸಿಸ್ಕೊ: ನಾಲ್ಕು ಕೂಸುಗಳ ಮೊದಲ ವರ್ಷ. ಹಿನ್ನೆಲೆಯಲ್ಲಿ ವಿವರಣೆ ಕೊಡುವ ದನಿ ಇಲ್ಲ. ಮಂಗೋಲಿಯಾದ ಮಗು ತೊಟ್ಟಿಯಲ್ಲಿ ಕೂತಿದ್ದಾಗ ಮೇಕೆಯೊಂದು ಬಂದು ಆ ಸ್ನಾನದ ನೀರನ್ನೇ ಕುಡಿಯುತ್ತದೆ, ಮಗು ಏನೂ ಆಗದವರಂತೆ ನೋಡುತ್ತದೆ. ಬಿಗಿಯಾಗಿ ಸುತ್ತಿ ಕಟ್ಟಿದ ಹಸುಗೂಸನ್ನು ಮೋಟರ್‌ಸೈಕಲ್ ಮೇಲೆ ಮನೆಗೆ ಕರೆದೊಯ್ಯುವ ದೃಶ್ಯಕ್ಕೆ ನಮ್ಮಮ್ಮ ‘ಬಾಣಂತಿನ ಬೈಕಲ್ಲಿ ಕೂರಿಸ್ತಾರಾ, ಹೇಳೋರು ಕೇಳೋರು ಯಾರೂ ಇಲ್ವಾ’ ಅಂತ ಟೀವಿಯ ಜೊತೆಗೇ ಜಗಳಕ್ಕೆ ನಿಂತರು. ಇಷ್ಟು ಹತ್ತಿರಕ್ಕೆ ಎಳೆದುಕೊಳ್ಳುವ ಸಿನಿಮಾ ಕಡಿಮೆ.

ತಕರಾರು ಇರುವುದು ಜೋಡಣೆಯಲ್ಲಿ. ಮಾತಿಲ್ಲ, ಹಾಗಾಗಿ ಪಕ್ಷಪಾತವೂ ಇಲ್ಲ ಅನ್ನಿಸುತ್ತದೆ. ಇದೆ. ಇತ್ತ ನಮೀಬಿಯಾದ ಹಿಂಬಾ ಬುಡಕಟ್ಟಿನ ಮಗು ಮಣ್ಣಲ್ಲಿ ನಾಯಿಯ ಜೊತೆ ಹೊರಳುತ್ತಿದೆ, ಅತ್ತ ಟೋಕಿಯೊದ ಮಗು ಆಟಿಕೆಯ ಬಿಲ್ಲೆಯನ್ನು ಕಡ್ಡಿಗೆ ಸೇರಿಸಲಾಗದೆ ಬಿದ್ದು ಬಿದ್ದು ಅಳುತ್ತಿದೆ. ಒಂದರ ಪಕ್ಕ ಒಂದು ಇಟ್ಟ ಮೇಲೆ ಮಾತೇಕೆ ಬೇಕು? ಪೇಟೆಯ ಅಪ್ಪ ಅಮ್ಮಂದಿರು ಅತಿ ಮಾಡುತ್ತಾರೆ, ಬಯಲಲ್ಲಿ ಬೆಳೆದ ಮಗುವೇ ಸುಖಿ ಎಂಬ ತೀರ್ಪು ನಮ್ಮ ತಲೆಯಲ್ಲಿ ತಾನಾಗಿ ಕೂರುತ್ತದೆ. ಆ ಬಯಲಲ್ಲಿ ಮಗುವಿಗೆ ಜ್ವರ ಬಂದರೆ ಎಷ್ಟು ದೂರ ಹೋಗಬೇಕು? ಅದನ್ನು ಹೇಳುವವರಿಲ್ಲ.

ಪಾಸ್ಕಲ್ ಪ್ಲಿಸನ್ ಅವರ ‘ಆನ್ ದಿ ವೇ ಟು ಸ್ಕೂಲ್’ (2013) ಕೀನ್ಯಾ, ಮೊರಾಕೊ, ಅರ್ಜೆಂಟೀನಾ ಮತ್ತು ನಮ್ಮ ದೇಶದ ಮಕ್ಕಳು ಶಾಲೆಗೆ ಹೋಗುವ ದಾರಿಯ ಕಥೆ. ಕೀನ್ಯಾದ ಹುಡುಗ ತಂಗಿಯನ್ನು ಕರೆದುಕೊಂಡು ಆನೆಗಳಿರುವ ಬಯಲಲ್ಲಿ 15 ಕಿಲೋಮೀಟರ್ ನಡೆಯುತ್ತಾನೆ. ಭಾರತದ ಭಾಗ ಬಂಗಾಳ ಕೊಲ್ಲಿಯ ದಂಡೆಯದು: ನಡೆಯಲಾಗದ ಅಣ್ಣನನ್ನು ಹಳೆಯ ಗಾಲಿಕುರ್ಚಿಯಲ್ಲಿ ಕೂರಿಸಿ ಇಬ್ಬರು ತಮ್ಮಂದಿರು 4 ಕಿಲೋಮೀಟರ್ ತಳ್ಳುತ್ತಾರೆ. ಮರಳಲ್ಲಿ, ನೀರಲ್ಲಿ ತಳ್ಳುತ್ತಾ ಅವರು ಆಡುವ ಜಗಳ, ನಗು ನನಗೆ ಇಡೀ ಚಿತ್ರದಲ್ಲೇ ಹೆಚ್ಚು ಇಷ್ಟವಾದ ಭಾಗ. ಆದರೂ ಒಮ್ಮೆ ಕ್ಯಾಮೆರಾ ಎಲ್ಲಿ ನಿಂತಿದೆ ಅಂತ ಗಮನಿಸಿ. ಮಕ್ಕಳು ಬರುವ ಮೊದಲೇ ಅದು ದಾರಿಯ ಆ ತುದಿಯಲ್ಲಿ ಕಾಯುತ್ತಿರುತ್ತದೆ. ಅಂದರೆ ತಂಡವೊಂದು ಅಲ್ಲಿ ನಿಂತಿದೆ, ಅವರ ಬಳಿ ಗಾಡಿಯೂ ಇದ್ದಿರಬೇಕು. ಅವರು ಇಲ್ಲವೇ ಇಲ್ಲ ಅನ್ನುವ ಹಾಗೆ ಚಿತ್ರ ನಡೆದುಕೊಳ್ಳುತ್ತದೆ. ಮೇಲಾಗಿ ನಾಲ್ಕೂ ಕಡೆ ಬರುವುದು ಒಂದೇ ಕಥೆ: ಕಷ್ಟಪಟ್ಟರೆ ಶಾಲೆ, ಶಾಲೆ ಸಿಕ್ಕಿದರೆ ಭವಿಷ್ಯ. ಶಾಲೆಯ ಒಳಗೆ ಏನಾಗುತ್ತದೆ ಅನ್ನುವುದನ್ನು ಅದು ಹೆಚ್ಚು ಕೆದಕುವುದಿಲ್ಲ.

ಆ ಒಳಗನ್ನು ತೋರಿಸುವುದು ಅಬ್ಬಾಸ್ ಕಿಯಾರೊಸ್ತಮಿಯ ‘ಹೋಮ್‌ವರ್ಕ್’ (1989). ಒಂದೇ ಊರು, ಟೆಹರಾನ್. ಒಂದೇ ಶಾಲೆ, ಬಹುಪಾಲು ಒಂದೇ ಕೋಣೆ. ಇರಾನ್-ಇರಾಕ್ ಯುದ್ಧದ ನೆರಳು ಇನ್ನೂ ಇದೆ, ಬೆಳಗಿನ ಸಾಲಿನಲ್ಲಿ ಮಕ್ಕಳು ಘೋಷಣೆ ಕೂಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಂದು ಕಪ್ಪು ಕನ್ನಡಕದ ನಿರ್ದೇಶಕರ ಎದುರು ನಿಲ್ಲುತ್ತಾರೆ. ಹೋಮ್‌ವರ್ಕ್ ಇಷ್ಟವೋ ಕಾರ್ಟೂನ್ ಇಷ್ಟವೋ? ಒಬ್ಬರ ಹಿಂದೆ ಒಬ್ಬರು ಹೋಮ್‌ವರ್ಕ್ ಅನ್ನುತ್ತಾರೆ. ಶಿಕ್ಷೆ ಅಂದರೇನು ಅಂದರೆ ಬೆಲ್ಟಿನ ಏಟು ಅಂತ ಉತ್ತರ ತಯಾರಿದೆ. ಪ್ರೋತ್ಸಾಹ ಅಂದರೇನು ಅಂದರೆ ಎಷ್ಟೋ ಮಕ್ಕಳು ಸುಮ್ಮನೆ ನಿಲ್ಲುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಓದು ಬರಹ ಬಾರದು, ಪಾಠ ಹೇಳಿಕೊಡುವವರಿಲ್ಲ ಅನ್ನುವುದೂ ಹೀಗೆ ತುಣುಕು ತುಣುಕಾಗಿ ಹೊರಬರುತ್ತದೆ.

ಇಲ್ಲಿ ಕ್ಯಾಮೆರಾ ಅಡಗಿಕೊಳ್ಳುವುದಿಲ್ಲ. ಮಗುವಿನ ಮುಖ, ಕೂಡಲೇ ಅದರತ್ತ ಗುರಿಯಿಟ್ಟ ಕ್ಯಾಮೆರಾ, ಮತ್ತೆ ಮುಖ. ಈ ಮಗು ಯಾಕೆ ಸುಳ್ಳು ಹೇಳುತ್ತಿದೆ, ಯಾರಿಗೆ ಹೆದರುತ್ತಿದೆ ಎಂಬುದು ನಮಗೆ ಕಾಣುತ್ತದೆ. ಒಬ್ಬ ಹುಡುಗನಂತೂ ಗೆಳೆಯ ಪಕ್ಕದಲ್ಲಿ ನಿಲ್ಲದಿದ್ದರೆ ಬಾಯಿಯೇ ಬಿಡುವುದಿಲ್ಲ, ಬಿಕ್ಕಿ ಬಿಕ್ಕಿ ಅಳುತ್ತಾನೆ. ನೋಡಲು ಹಿಂಸೆಯಾಗುತ್ತದೆ, ಇಷ್ಟು ಗೋಳು ಹೊಯ್ದುಕೊಳ್ಳಬೇಕಿತ್ತೇ ಅಂತ ನಿರ್ದೇಶಕರ ಮೇಲೆ ಸಿಟ್ಟೂ ಬರುತ್ತದೆ. ಆ ಸಿಟ್ಟಿಗೆ ಜಾಗ ಬಿಟ್ಟಿರುವುದೇ ಇದರ ದೊಡ್ಡತನ. ದೊಡ್ಡವರೊಬ್ಬರು ಪ್ರಶ್ನೆ ಕೇಳಿದಾಗ ಮಕ್ಕಳು ಹೇಗಾಗುತ್ತಾರೆ ಅನ್ನುವುದನ್ನು ಇಷ್ಟು ನೇರವಾಗಿ ಹಿಡಿದ ಇನ್ನೊಂದು ಚಿತ್ರ ನಾನು ನೋಡಿಲ್ಲ. ಸಮವಸ್ತ್ರ, ಮೇಷ್ಟ್ರ ಭಯ, ಕಂಠಪಾಠ: ಇಲ್ಲಿನ ಶಾಲೆಯಲ್ಲಿ ಓದಿದವರಿಗೆ ಅನುವಾದವೇ ಬೇಡ.

‘ಅಪ್’ ಸರಣಿ ಇದೇ ಪ್ರಾಮಾಣಿಕತೆಗೆ ಬೇರೆ ದಾರಿಯಿಂದ ಬಂದದ್ದು, ಅದೂ ನಿಧಾನವಾಗಿ. 1964ರಲ್ಲಿ ಗ್ರನಾಡಾ ಟೆಲಿವಿಷನ್ ಏಳು ವರ್ಷದ 14 ಮಕ್ಕಳನ್ನು ಮಾತಾಡಿಸಿತು. ಎರಡನೇ ಕಂತಿನಿಂದ ನಿರ್ದೇಶಕರಾದ ಮೈಕೆಲ್ ಆಪ್ಟೆಡ್ ಏಳು ವರ್ಷಕ್ಕೊಮ್ಮೆ ಅವರ ಬಳಿ ಹೋಗುತ್ತಲೇ ಇದ್ದರು, 2019ರ ‘63 ಅಪ್’ವರೆಗೂ. ಶುರುವಾದದ್ದು ಹುಟ್ಟಿದ ವರ್ಗವೇ ಹಣೆಬರಹ ಎಂಬ ವಾದದಿಂದ. ಕುದುರೆ ಜಾಕಿ ಆಗಬೇಕೆಂದಿದ್ದ ಲಂಡನ್ನಿನ ಬಡ ಹುಡುಗ ಮುಂದೆ ಜೈಲು ಸೇರಬಹುದೆಂದು ಆಪ್ಟೆಡ್ ಊಹಿಸಿದ್ದರು, ಅವನು ಟ್ಯಾಕ್ಸಿ ಓಡಿಸಿ ಸಂಸಾರ ಕಟ್ಟಿದ. ಆ 14 ಮಕ್ಕಳಲ್ಲಿ ಹುಡುಗಿಯರು ನಾಲ್ಕೇ ಜನ. ಅವರಲ್ಲೊಬ್ಬಳು ‘49 ಅಪ್’ನಲ್ಲಿ ಆಪ್ಟೆಡ್ ಅವರ ಪ್ರಶ್ನೆಗಳ ಧಾಟಿಯನ್ನೇ ಹಿಡಿದು ಮುಖಕ್ಕೆ ಹೊಡೆದಂತೆ ಕೇಳುತ್ತಾಳೆ, ಅದನ್ನು ಅವರು ಕತ್ತರಿಸದೆ ಉಳಿಸಿಕೊಂಡಿದ್ದಾರೆ. ಇನ್ನೂ ಸ್ವಾರಸ್ಯ: ಮುಂದೆ ತಾನೇ ಸಾಕ್ಷ್ಯಚಿತ್ರ ಮಾಡುವವನಾದ ಒಬ್ಬ, 21ನೇ ವಯಸ್ಸಿನ ಕಂತಿನ ನಂತರ ಇದರಲ್ಲಿ ಕಾಣಿಸಿಕೊಳ್ಳಲಿಲ್ಲ! ಮೊದಲ ಕಂತಿನಲ್ಲಿ ವಾದಕ್ಕೆ ಉದಾಹರಣೆಯಾಗಿದ್ದ ಮಕ್ಕಳು ಹೀಗೆ ಬರಬರುತ್ತಾ ಎದುರಾಡುವ ಮನುಷ್ಯರಾಗುತ್ತಾರೆ. ‘ಬೇಬೀಸ್’ನ ಕೂಸುಗಳಿಗೆ ಆ ಅವಕಾಶವೇ ಸಿಗಲಿಲ್ಲ.

ಹಾಗಂತ ನಿರ್ದೇಶಕರು ಚೌಕಟ್ಟಿನೊಳಗೆ ಬಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಆಸ್ಕರ್ ಗೆದ್ದ ‘ಬಾರ್ನ್ ಇಂಟು ಬ್ರಾಥೆಲ್ಸ್’ (2004) ಚಿತ್ರದಲ್ಲಿ ಜಾನಾ ಬ್ರಿಸ್ಕಿ ಕೋಲ್ಕತ್ತದ ಕೆಂಪುದೀಪ ಪ್ರದೇಶ ಸೋನಾಗಾಚಿಯ ಮಕ್ಕಳ ಕೈಗೆ ಕ್ಯಾಮೆರಾ ಕೊಡುತ್ತಾರೆ. ಮಕ್ಕಳು ತೆಗೆದ ಫೋಟೊಗಳು ಚೆನ್ನಾಗಿವೆ. ಆದರೆ ಕಥೆ ಬರಬರುತ್ತಾ ಕಾಪಾಡಲು ಬಂದವರದ್ದಾಗುತ್ತದೆ, ತಾಯಂದಿರು ಬರೀ ಅಡ್ಡಿಯಾಗಿ ಕಾಣುತ್ತಾರೆ. ಅಲ್ಲಿನ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆ ದುರ್ಬಾರ್ ಇದನ್ನು ಆಕ್ಷೇಪಿಸಿತ್ತು, ನನಗೂ ಅವರ ಮಾತೇ ಸರಿ ಅನ್ನಿಸಿದ್ದು.

ನಗಬೇಕು ಅನ್ನುವವರಿಗೆ ಚೀನಾದ ‘ಪ್ಲೀಸ್ ವೋಟ್ ಫಾರ್ ಮಿ’ (2007). ವುಹಾನ್‌ನ ಮೂರನೇ ತರಗತಿಯೊಂದರ ಮಾನಿಟರ್ ಚುನಾವಣೆ: ಮೂವರು ಅಭ್ಯರ್ಥಿಗಳು, ಪ್ರತಿಯೊಬ್ಬರ ಹಿಂದೆಯೂ ಭಾಷಣ ಉರು ಹೊಡೆಸುವ ಹೆತ್ತವರು. ಚಿತ್ರ ಒಂದು ಗಂಟೆಯಷ್ಟೂ ಇಲ್ಲ. ಒಬ್ಬ ಹುಡುಗನ ಮನೆಯವರು ಇಡೀ ತರಗತಿಗೆ ಮೋನೋರೈಲ್ ಸವಾರಿ ಮಾಡಿಸುತ್ತಾರೆ, ಕೊನೆಯ ಹೊತ್ತಿಗೆ ಅವನ ಕಡೆಯಿಂದ ಹಬ್ಬದ ಉಡುಗೊರೆಯೂ ಹಂಚಿಕೆಯಾಗುತ್ತದೆ. ಗೆದ್ದದ್ದು ಯಾರು ಅಂತ ಕರ್ನಾಟಕದ ಮತದಾರರಿಗೆ ನಾನು ಹೇಳಬೇಕಾಗಿಲ್ಲ.

ಸಬ್‌ಟೈಟಲ್ ಓದಲು ಬಾರದ ಪುಟ್ಟ ಮಕ್ಕಳು ಜೊತೆಗಿದ್ದರೆ ‘ಬೇಬೀಸ್’ ಹಾಕಿ. ಅವರು ಮಲಗಿದ ಮೇಲೆ, ನಾಳೆಯ ಹೋಮ್‌ವರ್ಕ್ ಮುಗಿದಿಲ್ಲ ಅಂತ ಯಾರಿಗಾದರೂ ಗದರಿದ್ದರೆ, ಕಿಯಾರೊಸ್ತಮಿಯನ್ನು ನೋಡಿ. ‘ಅಪ್’ ಅನ್ನು ಮಾತ್ರ ನಡುವಿನಿಂದ ಶುರುಮಾಡಬೇಡಿ, 1964ರಿಂದಲೇ ಬನ್ನಿ.