ಮೇರಿ ಜೆ. ಬ್ಲೈಜ್ ಕೇಳಲು ಮೂರು ದಾರಿ: ಸಂಕಲನ, ಪ್ಲೇಲಿಸ್ಟ್, ಮಿಕ್ಸ್‌ಟೇಪ್

2024ರಲ್ಲಿ ಅಮೆರಿಕದ ಗಾಯಕಿ ಮೇರಿ ಜೆ. ಬ್ಲೈಜ್ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗಿನಿಂದ ಆಕೆಯ ಮೂವತ್ತು ವರ್ಷದ ಹಾಡುಗಾರಿಕೆಯನ್ನು ಒಂದೇ ಓಟದಲ್ಲಿ ಕೇಳಬೇಕು ಅನ್ನಿಸುತ್ತಿತ್ತು. ಅದಕ್ಕೆ ಮೂರು ದಾರಿ ಹಿಡಿದು ನೋಡಿದೆ. ಒಂದು, 2006ರ ಅಧಿಕೃತ ಸಂಕಲನ ‘ರಿಫ್ಲೆಕ್ಷನ್ಸ್’, ಸೆಕೆಂಡ್ ಹ್ಯಾಂಡ್ ಸಿ.ಡಿ. ಎರಡು, ಮ್ಯೂಸಿಕ್ ಆಪ್ ತಾನೇ ಜೋಡಿಸಿ ಕೊಡುವ ಪ್ಲೇಲಿಸ್ಟ್. ಮೂರು, ಬ್ರೂಕ್ಲಿನ್ನಿನ ಡೀಜೆಯೊಬ್ಬರು ಮೇರಿಯ ಗೌರವಕ್ಕೆಂದೇ, ಹಾಡುಗಳನ್ನು ನಡುವೆ ಬಿಡುವಿಲ್ಲದಂತೆ ಒಂದಕ್ಕೊಂದು ಬೆಸೆದು ಮಾಡಿದ ಮಿಕ್ಸ್‌ಟೇಪ್. ರೆಕಾರ್ಡ್ ಮಾರುವ ಮೇಳವೊಂದರಲ್ಲಿ ಹತ್ತು ಡಾಲರ್ ಕೊಟ್ಟು ತಂದದ್ದು. ಹೆಸರಿಗೆ ಟೇಪ್ ಆದರೂ ಇರುವುದು ಸಿ.ಡಿ.ಯಲ್ಲಿ. ಈ ಮೂರರಲ್ಲಿ ನನ್ನ ಮನಸ್ಸು ಗೆದ್ದದ್ದು ಮಿಕ್ಸ್‌ಟೇಪ್. ಉಳಿದೆರಡು ಅದರ ಹತ್ತಿರಕ್ಕೂ ಬರಲಿಲ್ಲ.

ಯಾಕೆಂದು ಅದರ ಮೊದಲ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ. ಶುರುವಿನಲ್ಲಿ ಬರುವುದು ಹನಿ ಡ್ರಿಪ್ಪರ್ಸ್ ತಂಡದ 1973ರ ಹಾಡೊಂದರ ಡ್ರಮ್. ಅದೇ ಡ್ರಮ್ಮನ್ನು ಕತ್ತರಿಸಿ ಮರುಜೋಡಿಸಿ 1987ರಲ್ಲಿ ಆಡಿಯೋ ಟೂ ಜೋಡಿ ‘ಟಾಪ್ ಬಿಲ್ಲಿನ್’ ಮಾಡಿತು. ಎರಡನೆಯದಾಗಿ ಅದು ಬರುತ್ತದೆ. ಆ ಬಡಿತ ನಿಲ್ಲುವುದೇ ಇಲ್ಲ, ಅದರ ಮೇಲೆಯೇ ಮೇರಿಯ ದನಿ ಏರುತ್ತದೆ: ‘ರಿಯಲ್ ಲವ್’, 1992. ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ, ಮಾಲ್‌ನ ರೆಕಾರ್ಡಿಂಗ್ ಬೂತಿನಲ್ಲಿ ಅನಿತಾ ಬೇಕರ್ ಹಾಡು ಹಾಡಿದ ಕ್ಯಾಸೆಟ್ಟಿನಿಂದ ಅಪ್‌ಟೌನ್ ರೆಕಾರ್ಡ್ಸ್ ಕಂಪನಿ ತಲುಪಿದ ಹುಡುಗಿಯನ್ನು ಹಿಪ್‌ಹಾಪ್ ಸೋಲ್‌ನ ರಾಣಿ ಎಂದು ಕರೆದದ್ದು ಏಕೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಕಿವಿಗೇ ತಿಳಿಯುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ರಾನ್ ಜಿ.ಯಂಥ ಹಾರ್ಲೆಮ್ ಡೀಜೆಗಳು ರ‍್ಯಾಪ್ ಬೀಟಿನ ಮೇಲೆ ಆರ್ ಆ್ಯಂಡ್ ಬಿ (ಕಪ್ಪು ಅಮೆರಿಕನ್ನರ ಭಾವಪೂರ್ಣ ಹಾಡಿನ ಶೈಲಿ) ದನಿ ಕೂರಿಸಿ ಕ್ಯಾಸೆಟ್ ಮಾರುತ್ತಿದ್ದರು. ಮೇರಿಯ ಮೊದಲ ಆಲ್ಬಂ ಅದೇ ಜಾಡಿನದು. ಮಿಕ್ಸ್‌ಟೇಪ್ ಎಂದರೆ ಈ ಹಾಡುಗಳಿಗೆ ತವರುಮನೆ.

1994ರ ‘ಮೈ ಲೈಫ್’ ಆಲ್ಬಂಗೆ ಡೀಜೆ ಹೆಚ್ಚು ಹೊತ್ತು ಕೊಟ್ಟಿದ್ದಾರೆ. ಖಿನ್ನತೆ, ಮಾದಕ ವ್ಯಸನ, ಹಿಂಸೆಯ ಸಂಬಂಧ, ಇವುಗಳ ನಡುವೆ ಮೇರಿ ಹಾಡಿದ ಆಲ್ಬಂ ಅದು. ರಾಯ್ ಏಯರ್ಸ್‌ನ 1976ರ ಬಿಸಿಲಿನ ಹಾಡು ನಿಧಾನಕ್ಕೆ ಕರಗುತ್ತ ‘ಮೈ ಲೈಫ್’ ಆಗುವಾಗ ಅದೇ ಸ್ವರಗಳು ಹೇಗೆ ನೋವಿನವಾಗುತ್ತವೆ ನೋಡಿ! ‘ಐಯಾಮ್ ಗೋಯಿಂಗ್ ಡೌನ್’ನಲ್ಲಿ ಮೊದಲ ಚರಣ ಮೂಲ ಹಾಡಿನ ರೋಸ್ ರಾಯ್ಸ್ ತಂಡದ್ದು, ಮುಂದಿನದು ಮೇರಿಯದು. ಎಷ್ಟು ಸಲ ಕೇಳಿದರೂ ಅಲ್ಲಿ ಗಂಟಲು ಕಟ್ಟುತ್ತದೆ.

‘ರಿಫ್ಲೆಕ್ಷನ್ಸ್’ ಧ್ವನಿಯ ಗುಣಮಟ್ಟದಲ್ಲಿ ಮುಂದು. ಆದರೆ ಹಾಡುಗಳು ಕಾಲಾನುಕ್ರಮದಲ್ಲಿಲ್ಲ, ಹೊಸದಾಗಿ ಸೇರಿಸಿದ ಹಾಡುಗಳು ಬೇರೆ. 2006ಕ್ಕೇ ನಿಂತುಹೋಗುವುದರಿಂದ 2022ರ ‘ಗುಡ್ ಮಾರ್ನಿಂಗ್ ಗಾರ್ಜಸ್’ ತನಕದ ದಾರಿ ಅದರಲ್ಲಿಲ್ಲ.

ಆಪ್‌ನ ಪ್ಲೇಲಿಸ್ಟ್‌ನಲ್ಲಿ ನನಗೆ ಸಹಿಸಲಾಗದ್ದು ಒಂದೇ. ಮೇರಿಯ ಹೆಸರಿನಲ್ಲಿ ಬಂದ ಹಾಡುಗಳನ್ನಷ್ಟೇ ಅದು ಎತ್ತಿಕೊಟ್ಟಿತು. 1995ರಲ್ಲಿ ಮೆಥಡ್ ಮ್ಯಾನ್ ಜೊತೆ ಹಾಡಿ ಗ್ರ್ಯಾಮಿ ಗೆದ್ದ ಹಾಡು ಇಲ್ಲ. 1996ರಲ್ಲಿ ಜೇ-ಝಡ್ ಮೊದಲ ಆಲ್ಬಂನ ಮೊದಲ ಹಾಡಿಗೆ ಕೊಟ್ಟ ದನಿ ಇಲ್ಲ. ಅದೇ ವರ್ಷ ಗೋಸ್ಟ್‌ಫೇಸ್ ಕಿಲ್ಲಾ ತನ್ನ ಬಡತನದ ಬಾಲ್ಯ ಹೇಳಿಕೊಂಡ, ಮೇರಿಯೂ ದನಿಗೂಡಿಸಿದ ಹಾಡೂ ಇಲ್ಲ. ರ‍್ಯಾಪರ್‌ಗಳ ಪಕ್ಕದಲ್ಲಿ ನಿಂತು ಹಾಡಿದ್ದನ್ನು ಬಿಟ್ಟರೆ ಮೇರಿಯ ಅರ್ಧ ಕಥೆ ಹೋದಂತೆಯೇ. ಮಿಕ್ಸ್‌ಟೇಪಿನಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬರುತ್ತವೆ.

ಇನ್ನು ಮಿಕ್ಸ್‌ಟೇಪಿನ ತೊಂದರೆ. ಅದು ದೊಡ್ಡದೇ. ಎಪ್ಪತ್ತು ನಿಮಿಷದ ಇಡೀ ಮಿಕ್ಸ್ ಸಿ.ಡಿ.ಯಲ್ಲಿ ಒಂದೇ ಟ್ರ್ಯಾಕ್. ಫೋನಿಗೆ ಹಾಕಿಕೊಂಡೆ. ಮೆಟ್ರೋಪಾರ್ಕ್‌ನಲ್ಲಿ ರೈಲು ಹತ್ತಿ ನ್ಯೂಯಾರ್ಕಿನ ಪೆನ್ ಸ್ಟೇಷನ್ ಮುಟ್ಟುವಷ್ಟರಲ್ಲಿ ಅದು ಮುಗಿಯುವುದಿಲ್ಲ. ನಡುವೆ ಒಂದು ಫೋನ್ ಕರೆ ಬಂದರೆ ಪ್ಲೇಯರ್ ಮತ್ತೆ 1973ರ ಡ್ರಮ್ಮಿಗೇ ಹೋಗುತ್ತದೆ. ಹೀಗಾಗಿ 1992 ನನಗೆ ಬಾಯಿಪಾಠವಾಯಿತು, 2005ರ ‘ಬಿ ವಿತೌಟ್ ಯು’ ಮಾತ್ರ ಕೈಗೆ ಸಿಗಲೊಲ್ಲದು. ಬೆರಳಿನಿಂದ ಎಳೆದು ಮುಂದಕ್ಕೆ ಹೋಗೋಣವೆಂದರೆ ಪರದೆಯ ಮೇಲೆ ಒಂದು ಕೂದಲೆಳೆ ಸರಿದರೂ ಎರಡು ಹಾಡು ದಾಟಿಹೋಗುತ್ತವೆ.

ಅಡಾಸಿಟಿ ಎಂಬ ಧ್ವನಿ ಕತ್ತರಿಸುವ ತಂತ್ರಾಂಶದಲ್ಲಿ ಹಾಡುಹಾಡಾಗಿ ಕತ್ತರಿಸಿ ಎಂಪಿ3 ಮಾಡಿ ನೋಡಿದೆ. ಪ್ರತಿ ಬೆಸುಗೆಯಲ್ಲೂ ಸಣ್ಣ ಬಿಕ್ಕಳಿಕೆ. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಚೂರು ಮೌನ ಸೇರಿಕೊಳ್ಳುತ್ತದೆ. ಬಿಡಿ ಹಾಡಿನಲ್ಲಿ ಅದು ಗೊತ್ತಾಗದು, ಬೀಟ್ ತುಂಡಾಗದೆ ಹರಿಯಬೇಕಾದ ಮಿಕ್ಸಿನಲ್ಲಿ ಕಾಲು ಎಡವಿದಂತಾಗುತ್ತದೆ. ಧ್ವನಿಯ ಗುಣ ಕಳೆಯದ ಫ್ಲ್ಯಾಕ್ ಫೈಲಾಗಿ ಉಳಿಸಿದರೆ ಈ ಕಾಟವಿಲ್ಲ, ಆದರೆ ಫೈಲ್ ದಪ್ಪ. ಕೊನೆಗೆ ಕತ್ತರಿಸದೆ, ಆಡಿಯೋಬುಕ್ ಕೇಳುವ ಆಪ್‌ಗೆ ಇಡೀ ಫೈಲ್ ಹಾಕಿದೆ. ನಿಲ್ಲಿಸಿದ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಈಗ ಹೋಗುವಾಗ ತೊಂಬತ್ತರ ದಶಕ, ಬರುವಾಗ ಉಳಿದದ್ದು.

ರೀಮಿಕ್ಸ್‌ಗಳಷ್ಟೇ ಬೇಕೆನ್ನುವವರಿಗೆ 2019ರ ‘ಹರ್‌ಸ್ಟೋರಿ’ ಮೊದಲ ಸಂಪುಟ ಇದೆ, ಚೆನ್ನಾಗಿದೆ.

ಹಾಡಿನಿಂದ ಹಾಡಿಗೆ ಜಿಗಿದು ಕೇಳುವ ಅಭ್ಯಾಸದವರಿಗೆ ನಾಲ್ಕೈದು ಡಾಲರಿಗೆ ಸಿಗುವ ‘ರಿಫ್ಲೆಕ್ಷನ್ಸ್’ ಸಾಕು. ನನ್ನ ಹಾಗೆ ದಿನವೂ ರೈಲಿನಲ್ಲಿ ಕೂತು ಕೇಳುವವರು ಮಿಕ್ಸ್‌ಟೇಪ್ ಕಂಡರೆ ಬಿಡಬೇಡಿ. ಒಂದು ಮಾತು: ಮೇಳದಲ್ಲಿ ಕೊಟ್ಟ ಹತ್ತು ಡಾಲರ್ ಡೀಜೆಯ ಕೈ ಸೇರುತ್ತದೆ, ಮೇರಿಗಲ್ಲ. ಅದಕ್ಕೇ ಅದೇ ವಾರ ‘ಮೈ ಲೈಫ್’ ಆಲ್ಬಮ್ಮನ್ನು ಹೊಸದಾಗಿ, ಪೂರ್ತಿ ಬೆಲೆ ಕೊಟ್ಟು ತಂದೆ.