ಹದಿನೆಂಟು ತಿಂಗಳ ಕೋಚಿಂಗ್: ಬದಲಾದದ್ದು ಮೊದಲು ಕ್ರಿಯಾಪದ

ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯೊಂದರಲ್ಲಿ ಉತ್ಪಾದನಾ ವಿಭಾಗ ನೋಡಿಕೊಳ್ಳುತ್ತೇನೆ. ಹದಿನೈದು ದಿನಕ್ಕೊಮ್ಮೆ ವಿಡಿಯೊ ಕರೆಯಲ್ಲಿ ವೃತ್ತಿಪರ ಕೋಚ್ ಜತೆ ಒಂದು ಗಂಟೆ ಮಾತು ಎಂದಾಗ ಮನೆಯಲ್ಲಿ, "ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಕೋಚಿಂಗ್?" ಎಂದು ನಕ್ಕರು. ಪ್ರತಿ ಸಲಕ್ಕೆ 4,500 ರೂಪಾಯಿ ಎಂದು ತಿಳಿದ ಮೇಲೆ ನಗು ನಿಂತಿತು.

ನನ್ನ ಕೋಚ್‌ಗೆ ಐಸಿಎಫ್ (ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ) ಸಂಸ್ಥೆಯ ಪಿಸಿಸಿ ಎಂಬ ವೃತ್ತಿಪರ ಮಾನ್ಯತೆ ಇತ್ತು. ಅದಕ್ಕೆ ಕನಿಷ್ಠ 500 ಗಂಟೆಗಳ ಕೋಚಿಂಗ್ ಅನುಭವ ಬೇಕು. ಆದರೂ ಮೊದಲ ಮೂರು ಮಾತುಕತೆಗಳು ಬೇಸರ ತರಿಸಿದವು. ಗುರಿ ಏನು, ವಾಸ್ತವ ಏನು, ದಾರಿಗಳು ಯಾವುವು, ಯಾವುದನ್ನು ಹಿಡಿಯುತ್ತೀರಿ: ಗ್ರೋ ಮಾದರಿಯ ಈ ನಾಲ್ಕು ಮೆಟ್ಟಿಲುಗಳನ್ನು ಅರ್ಜಿ ತುಂಬಿಸಿದಂತೆ ಹತ್ತಿಸಿದರು.

ಇಬ್ಬರ ಒಪ್ಪಿಗೆಯಿಂದ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಿದ್ದೆ. ದಸರಾ ರಜೆಯಲ್ಲಿ ಕೇಳಿದೆ. ಮೊದಲ ತಿಂಗಳ ನನ್ನ ಮಾತುಗಳು: "ರಾತ್ರಿ ಪಾಳಿಯವರು ಕೇಳುವುದಿಲ್ಲ", "ಇಲ್ಲಿ ಯಾರಿಗೂ ಜವಾಬ್ದಾರಿ ಇಲ್ಲ", "ಏನಾದರೂ ಮಾಡಬೇಕು". ನಮ್ಮ "ಮಾಡಬೇಕು" ಬಹಳ ಅನುಕೂಲದ ಪದ. ಯಾರು ಮಾಡಬೇಕು ಎಂಬುದು ಅದರಲ್ಲಿ ಕಾಣುವುದೇ ಇಲ್ಲ. "ಮಾಡುತ್ತೇನೆ" ಎಂದರೆ ಸಿಕ್ಕಿಬಿದ್ದಂತೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತ ಬಿಡಿಸುವ ಮಾತುಕತೆಗಳ ಬಗ್ಗೆ ಬರೆಯುತ್ತಾ ಇದೇ ಎಳೆಯನ್ನು ಹಿಡಿದಿದ್ದರು: ಬದಲಾವಣೆಯ ಪರವಾದ ಮಾತು ಎದುರಿನವನ ಬಾಯಿಂದಲೇ ಬರಬೇಕು. ನಾವು ಒತ್ತಾಯಿಸಿದರೆ ಅವನು ಹಳೆಯದರ ಪರವಾಗಿ ವಕಾಲತ್ತು ವಹಿಸುತ್ತಾನೆ.

ನಾಲ್ಕನೆಯ ಮಾತುಕತೆಯಲ್ಲಿ ನಾನು "ಕಣ್ಣು ತೆರೆಯಿತು" ಎಂದು ಉದ್ಗರಿಸಿದ್ದೇನೆ. ಅದರಿಂದ ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಅಲುಗಲಿಲ್ಲ. ಎಂಟನೆಯದರಲ್ಲಿ ಕೋಚ್, "ರಾತ್ರಿ ಯಂತ್ರ ನಿಲ್ಲಿಸಬೇಕಾದರೆ ಮೇಲ್ವಿಚಾರಕರು ಯಾರನ್ನು ಕೇಳಬೇಕು?" ಎಂದರು. "ನನ್ನನ್ನು." "ನೀವು ಮಲಗಿದ್ದರೆ?" ಮುಂದೆ ಹತ್ತೊಂಬತ್ತು ಸೆಕೆಂಡು ಫ್ಯಾನ್ ಸದ್ದು ಮಾತ್ರ. ಅವರು ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ನಾನು, ಸಾಕಷ್ಟು ಸಿಡುಕಿನಿಂದ, "ಅವರಿಗೇ ಬಿಟ್ಟು ನೋಡಬಹುದು" ಎಂದಿದ್ದೇನೆ. ಮುಂದಿನ ಸಲ: "ಸೋಮವಾರದಿಂದ ಆ ಅಧಿಕಾರ ಅವರಿಗೇ ಕೊಡುತ್ತೇನೆ." ಕೊಟ್ಟೆ ಕೂಡ. ತಿರುವು ಎಂಟನೆಯದರಲ್ಲೇ ಇತ್ತು ಎಂದು ಆ ದಿನ ನನಗೆ ಅನ್ನಿಸಿರಲಿಲ್ಲ. ಫೋನ್ ಇಟ್ಟ ಮೇಲೆ ದುಡ್ಡು ದಂಡ ಎಂದುಕೊಂಡಿದ್ದೆ.

ಮಾರ್ಚ್ ಬಂತು, ವರ್ಷಾಂತ್ಯದ ಒತ್ತಡ. ಮತ್ತೆ ರಾತ್ರಿ ಹನ್ನೊಂದಕ್ಕೆ ತಪಾಸಣೆಯ ವರದಿಗಳನ್ನು ನಾನೇ ತಿರುವಿಹಾಕತೊಡಗಿದೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳಿಕೊಂಡಾಗ ಕೋಚ್ ಸಮಾಧಾನವನ್ನೂ ಹೇಳಲಿಲ್ಲ, ಗದರಲೂ ಇಲ್ಲ. "ಈ ಸಲ ಎಷ್ಟು ದಿನಕ್ಕೆ ನಿಮಗೇ ಗೊತ್ತಾಯಿತು?" ಎಂದು ಕೇಳಿದರು. ಒಂಬತ್ತು ದಿನ. ಅದಕ್ಕೂ ಮುಂಚೆ ವರ್ಷಗಟ್ಟಲೆ ಗೊತ್ತಾಗಿರಲಿಲ್ಲ.

ಅವರ ಆ್ಯಪ್‌ನ ಅಂಕಗಳನ್ನು ಮಾತ್ರ ನಂಬಬೇಡಿ. "ಇತರರ ಮಾತು ಕೇಳಿಸಿಕೊಳ್ಳುತ್ತೇನೆ" ಎಂಬುದಕ್ಕೆ ಶುರುವಿನಲ್ಲಿ ಹತ್ತಕ್ಕೆ ಎಂಟು ಕೊಟ್ಟುಕೊಂಡಿದ್ದೆ, ಆರು ತಿಂಗಳ ಮೇಲೆ ಐದು. ಆ್ಯಪ್ ಕೆಂಪು ಬಾಣ ತೋರಿಸಿತು. ನಿಜವಾಗಿ ಕುಸಿದದ್ದು ಕೇಳಿಸಿಕೊಳ್ಳುವ ಗುಣವಲ್ಲ, ಅಳತೆಗೋಲೇ ಬದಲಾಗಿತ್ತು. ಕೇಳಿಸಿಕೊಳ್ಳುವುದು ಎಂದರೇನು ಎಂದು ತಿಳಿದ ಮೇಲೆ ಯಾರು ತಾನೇ ಎಂಟು ಕೊಟ್ಟುಕೊಳ್ಳುತ್ತಾರೆ? ನಮ್ಮ ಮೇಲ್ವಿಚಾರಕರನ್ನು ಕೇಳಿದ್ದರೆ ಸರಿಯಾದ ಅಂಕ ಸಿಗುತ್ತಿತ್ತೇನೋ.

ನೇರ ಸಲಹೆ ಬೇಕಾದವರಿಗೆ ಇದು ಒಗ್ಗುವುದಿಲ್ಲ. ಗುತ್ತಿಗೆಯ ಕರಾರೊಂದರ ಬಗ್ಗೆ ಹೌದೋ ಅಲ್ಲವೋ ಹೇಳಿ ಎಂದು ಅಂಗಲಾಚಿದಾಗಲೂ ಪ್ರಶ್ನೆಯೇ ತಿರುಗಿ ಬಂತು. ಕೊನೆಗೆ ಹಳೆಯ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತಾ ಹತ್ತು ನಿಮಿಷದಲ್ಲಿ ಬಗೆಹರಿಸಿಕೊಟ್ಟರು. ತಂದೆ ತೀರಿಕೊಂಡ ಮೇಲೆ ನಿದ್ದೆ ಬಾರದಿದ್ದುದನ್ನು ಹೇಳಿದಾಗ ಕೋಚ್, ಇದು ತಮ್ಮ ಕೆಲಸವಲ್ಲ, ಆಪ್ತಸಮಾಲೋಚಕರನ್ನು ಕಾಣಿ ಎಂದರು. ಅದಕ್ಕೆ ಪೂರ್ತಿ ಅಂಕ.

ಈಗ ತಿಂಗಳಿಗೊಮ್ಮೆ ಮುಂದುವರಿಸಿದ್ದೇನೆ. ಐದಕ್ಕೆ ನಾಲ್ಕು ನಕ್ಷತ್ರ. ಐದನೆಯದು, ಮಳೆಗೆ ವಿದ್ಯುತ್ ಹೋಗಿ ಕರೆ ಕಡಿದ ದಿನವೂ ಪೂರ್ತಿ 4,500 ರೂಪಾಯಿ ಹಿಡಿದುಕೊಂಡ ಬುಕಿಂಗ್ ವಿಭಾಗದ ಲೆಕ್ಕಕ್ಕೆ.